ಹಳೆಯ ಮರದ ಸಾಮಾನು: ಉಜ್ಜುವ ಮುನ್ನ ಗುರುತಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಬಿದ್ದಿರುವ ಅಜ್ಜನ ಕಾಲದ ಪೀಠೋಪಕರಣಗಳನ್ನು ಮನೆಯವರೇ ಹೊಸದಾಗಿಸಿಕೊಳ್ಳುವ ಬಗೆಯನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಬರಹವನ್ನು ಓದಿದೆ. ಹಳೆಯದನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಿ ಎಂಬ ಅದರ ಆಶಯಕ್ಕೆ ಯಾರ ತಕರಾರೂ ಇರಲಾರದು. ಆದರೆ ಮೊದಲು ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಬಳಿಕ ಬಾಡಿಗೆಗೆ ತಂದ ಸ್ಯಾಂಡಿಂಗ್ ಯಂತ್ರದಿಂದ ಬರಿಮರ ಕಾಣುವ ತನಕ ಉಜ್ಜಿ, ಕೊನೆಗೆ ಹೊಳಪಿನ ಪಾಲಿಯುರೇಥೇನ್ ಲೇಪ ಹೊಡೆಯಬೇಕೆಂದು ಅದರಲ್ಲಿ ಹೇಳಿದ ಕ್ರಮವನ್ನು ಓದಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಮೊನ್ನೆ ಮೊನ್ನೆ ಮಾಡಿಸಿದ ಬಾಗಿಲಿಗೆ ಈ ಕ್ರಮ ಹೇಗೋ ನಡೆದೀತು. ಮೂರು ತಲೆಮಾರು ಕಂಡ ಬೀಟೆಯ ಕುರ್ಚಿಗೆ, ಹಲಸಿನ ಪೆಟ್ಟಿಗೆಗೆ, ಬಣ್ಣದ ತೊಟ್ಟಿಲಿಗೆ ನಡೆಯುವುದಿಲ್ಲ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು ನಾನು. ಈಗಲೂ ಊರಿನವರು ಹಳೆಯ ಸಾಮಾನುಗಳನ್ನು ತಂದು ತೋರಿಸುತ್ತಾರೆ.

ಹಳೆಯ ಮರದ ಸಾಮಾನಿನ ಮೇಲಿರುವ ಲೇಪ ಯಾವುದೆಂದು ತಿಳಿಯುವವರೆಗೆ ಅದಕ್ಕೆ ಏನನ್ನೂ ಹಚ್ಚಬಾರದು, ಅದರಿಂದ ಏನನ್ನೂ ಕೆರೆಯಬಾರದು ಎಂಬುದಷ್ಟೇ ನನ್ನ ವಾದ. ಬಹುಪಾಲು ಸಾಮಾನುಗಳಿಗೆ ಬೇಕಿರುವುದು ಕೊಳೆ ತೆಗೆಯುವುದು ಮತ್ತು ಇದ್ದ ಲೇಪದ ಮೇಲೆಯೇ ತೆಳುವಾಗಿ ಒಂದೆರಡು ಕೈ ಪಾಲಿಶ್ ಎಳೆಯುವುದು. ಬರಿಮರಕ್ಕೆ ಇಳಿಸುವುದು ಉಳಿದ ದಾರಿಗಳೆಲ್ಲ ಮುಚ್ಚಿದ ಮೇಲಿನ ಮಾತು. ಇದು ಹಳೆಯದರ ಮೇಲಿನ ಮೋಹದಿಂದ ಹೇಳುವ ಮಾತೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಇದಕ್ಕೆ ಮರದ ಗುಣವೇ ಕಾರಣ. ಹೊಸದಾಗಿ ಕೊಯ್ದ ಹಲಸಿನ ಹಲಗೆ ಅರಿಶಿನ ಬಣ್ಣದ್ದಾಗಿರುತ್ತದೆ. ಬೆಳಕು, ಗಾಳಿ ಮತ್ತು ಕೈಯ ಜಿಡ್ಡು ಸೇರಿ ದಶಕಗಳಲ್ಲಿ ಅದು ಕೆಂಪು ಬೆರೆತ ಗಾಢ ಕಂದುಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಇರುವುದು ಮೇಲಿನ ಬಹಳ ತೆಳುವಾದ ಪದರದಲ್ಲಿ ಮಾತ್ರ. ಒರಟು ಕಾಗದ ಹಾಕಿದ ಯಂತ್ರವನ್ನು ಕೆಲವೇ ನಿಮಿಷ ಆಡಿಸಿದರೂ ಸಾಕು, ಉಬ್ಬಿದ ಕಡೆಯಲ್ಲೆಲ್ಲ ಹಳದಿ ಎದ್ದು, ತಗ್ಗಿನಲ್ಲಿ ಕಂದು ಉಳಿದು, ಹಲಗೆಗೆ ತೊನ್ನು ಹಿಡಿದಂತೆ ಕಾಣತೊಡಗುತ್ತದೆ. ಅದನ್ನು ಮುಚ್ಚಲು ಮತ್ತಷ್ಟು ಉಜ್ಜುತ್ತಾರೆ. ಕೊನೆಗೆ ಬಣ್ಣದ ಸ್ಟೇನ್ ಬಳಿದು ಹಳೆಯ ಬಣ್ಣವನ್ನೇ ನಕಲು ಮಾಡಲು ಹೊರಡುತ್ತಾರೆ. ಇದ್ದದ್ದನ್ನು ಕಳೆದು ಅದೇ ಬಗೆಯದನ್ನು ಡಬ್ಬಿಯಲ್ಲಿ ಕೊಂಡು ತರುವ ಈ ವ್ಯಾಪಾರ ನನಗೆ ಇಂದಿಗೂ ಅರ್ಥವಾಗಿಲ್ಲ.

ಲೇಪ ಯಾವುದೆಂದು ತಿಳಿಯುವುದು ಕಷ್ಟದ ಕೆಲಸವಲ್ಲ. ಕೃತಕ ವಾರ್ನಿಷ್‌ಗಳು ಮನೆಮನೆಗೆ ಬರುವ ಮೊದಲು ನಮ್ಮ ಕಡೆಯ ಒಳ್ಳೆಯ ಕುರ್ಚಿ, ಮೇಜು, ಬೀರುಗಳಿಗೆ ಹೆಚ್ಚಾಗಿ ಇರುತ್ತಿದ್ದುದು ಅರಗಿನ ಪಾಲಿಶ್, ಅಂದರೆ ಇಂದಿಗೂ ಜನ ಫ್ರೆಂಚ್ ಪಾಲಿಶ್ ಎನ್ನುವುದು. ಮುತ್ತುಗ, ಬೋರೆಯಂಥ ಮರಗಳ ಎಳೆಯ ರೆಂಬೆಗಳ ಮೇಲೆ ಗುಂಪುಗಟ್ಟಿ ಕೂರುವ ಹುಳು ತನ್ನ ಮೈಯಿಂದ ಸ್ರವಿಸುವ ರಾಳವೇ ಅರಗು. ಅದನ್ನು ತೊಳೆದು, ಕರಗಿಸಿ, ಸೋಸಿ, ತೆಳುವಾಗಿ ಎಳೆದು ಮುರಿದ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿದರೆ ಪಾಲಿಶ್ ಸಿದ್ಧವಾಗುತ್ತದೆ. ಈ ವಸ್ತುವಿನಲ್ಲಿ ನಮ್ಮ ದೇಶ ಹೊರಗಿನವರಿಂದ ಕಲಿಯಬೇಕಾದದ್ದು ಕಡಿಮೆ. ರಾಂಚಿಯ ನಾಮ್‌ಕುಮ್‌ನಲ್ಲಿ ಅರಗಿಗಾಗಿಯೇ ಒಂದು ಸಂಶೋಧನಾ ಸಂಸ್ಥೆ 1924ರಲ್ಲಿಯೇ ಆರಂಭವಾಗಿತ್ತು. ಅರಗಿಗೆ ಸ್ಪಿರಿಟ್ ತಗುಲಿದರೆ ಎಷ್ಟು ವರ್ಷದ ಮೇಲಾದರೂ ಮತ್ತೆ ಕರಗುತ್ತದೆ. ಪರೀಕ್ಷೆಗೂ ದುರಸ್ತಿಗೂ ಈ ಗುಣವೇ ಆಧಾರ.

ಕುರ್ಚಿಯನ್ನು ಮಗುಚಿ ಹಾಕಿ, ಕಾಲಿನ ಒಳಮುಖದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಜಾಗ ಆರಿಸಿಕೊಳ್ಳಬೇಕು. ಹತ್ತಿಯನ್ನು ಕಡ್ಡಿಯ ತುದಿಗೆ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿ, ಅಲ್ಲಿ ಒತ್ತಿ ಹಿಡಿದು ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. ಲೇಪ ಅರಗಿನದಾದರೆ ಹತ್ತಿ ಎಳೆ ಬಿಟ್ಟು ಅಂಟುತ್ತದೆ, ಅದರ ಮೇಲೆ ಕಂದುಬಣ್ಣ ಇಳಿಯುತ್ತದೆ, ಬೆರಳಿಟ್ಟರೆ ಜಿಗುಟಾಗುತ್ತದೆ. ಸ್ಪಿರಿಟ್‌ಗೆ ಅಲುಗಾಡದ ಲೇಪ ಎನ್‌ಸಿ ಥಿನ್ನರ್‌ಗೆ ಮೆತ್ತಗಾದರೆ ಅದು ನೈಟ್ರೊಸೆಲ್ಯುಲೋಸ್ ಲ್ಯಾಕರ್ ಇರಬೇಕು. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ವಾರ್ನಿಷ್, ಮೆಲಮೈನ್ ಅಥವಾ ಪಾಲಿಯುರೇಥೇನ್. ಲೇಪವೇ ಇಲ್ಲದ, ಬರಿ ಎಣ್ಣೆ ಸವರಿಕೊಂಡು ಬಂದ ಪತ್ತಾಯ, ಕಲೆಂಬಿ ಎಂಬ ದೊಡ್ಡ ಪೆಟ್ಟಿಗೆಗಳೂ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಬೇಕಾದಷ್ಟಿವೆ. ಅವುಗಳಿಗೆ ಪಾಲಿಶ್ ಹಚ್ಚಬೇಕೆಂಬ ಕಟ್ಟಳೆಯೇನೂ ಇಲ್ಲ. ಭತ್ತ ತುಂಬಿಸಲು ಮಾಡಿದ ಪೆಟ್ಟಿಗೆ ಬೈಠಕ್ಖಾನೆಗೆ ಬಂತೆಂದ ಮಾತ್ರಕ್ಕೆ ಅದು ಮಿರುಗಲೇಬೇಕು ಎನ್ನುವುದು ಈಚಿನ ಖಯಾಲಿ.

ಲೇಪ ಗೊತ್ತಾದ ಮೇಲೆ ಕೊಳೆ ತೆಗೆಯುವ ಕೆಲಸ. ಒಲೆಯ ಹೊಗೆ ಕಂಡ ಮನೆಗಳಲ್ಲಿ ಬೀರುವಿನ ಮೇಲೆ ಕುಳಿತಿರುವ ಕಪ್ಪನ್ನು ಜನ ಹಳೆಯ ಪಾಲಿಶ್ ಕಪ್ಪಾಗಿದೆ ಎಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ಅದರಲ್ಲಿ ಮುಕ್ಕಾಲು ಪಾಲು ಮಸಿ, ಜಿಡ್ಡು ಮತ್ತು ಯಾವಾಗಲೋ ಹಚ್ಚಿದ ಮೇಣವಾಗಿರುತ್ತದೆ. ಮೆತ್ತನೆಯ ಬಟ್ಟೆಯನ್ನು ಖನಿಜ ಟರ್ಪೆಂಟೈನ್‌ನಲ್ಲಿ ನೆನೆಸಿ ಹಿಂಡಿ, ಅಂಗೈ ಅಗಲದಷ್ಟು ಜಾಗವನ್ನೇ ಒಂದೊಂದಾಗಿ ಒರೆಸುತ್ತ ಹೋದರೆ ಬಟ್ಟೆ ಕಪ್ಪಾಗುತ್ತದೆ, ಅಡಿಯಿಂದ ಮರದ ಎಳೆ ಕಾಣತೊಡಗುತ್ತದೆ. ಟರ್ಪೆಂಟೈನ್ ಅರಗನ್ನು ಕರಗಿಸುವುದಿಲ್ಲವಾದ್ದರಿಂದ ಲೇಪಕ್ಕೆ ಧಕ್ಕೆಯಿಲ್ಲ. ಮಿಕ್ಕ ಕೊಳೆಗೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಬಟ್ಟೆ ನೀರು ತೊಟ್ಟಿಕ್ಕದಷ್ಟು ಹಿಂಡಿರಬೇಕು, ಒರೆಸಿದ ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಬೇಕು. ಕೆತ್ತನೆಯ ಸಂದಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಹಿತ್ತಾಳೆಯ ಹಿಡಿ, ಕೊಂಡಿ, ಬಿಲ್ಲೆಗಳನ್ನು ಬಿಚ್ಚಿ ಬೇರೆಯಾಗಿ ತೊಳೆಯಬೇಕೇ ಹೊರತು ಮರದ ಮೇಲಿದ್ದಂತೆಯೇ ಹುಣಸೆಹಣ್ಣು ಹಾಕಿ ತಿಕ್ಕಬಾರದು. ಆ ಹುಳಿ ಸುತ್ತಲಿನ ಮರಕ್ಕಿಳಿದು ಉಳಿಸುವ ಕಲೆಯನ್ನು ಎಷ್ಟೋ ಬಾಗಿಲುಗಳಲ್ಲಿ ಕಂಡಿದ್ದೇನೆ.

ಪುರವಣಿಯ ಬರಹ ಸೂಚಿಸಿದ ಕಾಸ್ಟಿಕ್ ಸೋಡಾದ ಬಗ್ಗೆ ಇಲ್ಲಿಯೇ ಹೇಳಬೇಕು. ಅದು ಅರಗನ್ನು, ಬಣ್ಣವನ್ನು ಕಿತ್ತುಹಾಕುವುದು ನಿಜ. ಜೊತೆಗೆ ಒಗರು ಹೆಚ್ಚಿರುವ ಮರಗಳನ್ನು ಕಪ್ಪುಗಟ್ಟಿಸುತ್ತದೆ, ಮರದ ನಾರನ್ನು ಎಬ್ಬಿಸಿ ಒರಟಾಗಿಸುತ್ತದೆ, ಕೀಲುಗಳ ಅಂಟನ್ನು ಸಡಿಲಿಸುತ್ತದೆ. ಎಷ್ಟು ತೊಳೆದರೂ ಎಳೆಗಳ ಒಳಗೆ ಉಳಿದ ಕ್ಷಾರ ತಿಂಗಳುಗಳ ಬಳಿಕ ಹೊಸ ಲೇಪವನ್ನು ಅಡಿಯಿಂದಲೇ ಕೆಡಿಸುತ್ತದೆ. ಮೈಗೆ ಸಿಡಿದರೆ ಸುಡುವುದಂತೂ ಇದ್ದೇ ಇದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಇಂಥ ವಸ್ತುವನ್ನು ಗೃಹಿಣಿಯರು, ಕಾಲೇಜು ಹುಡುಗರು ಓದುವ ಪುಟದಲ್ಲಿ ಕೈಗವಸಿನ ಮಾತನ್ನೂ ಎತ್ತದೆ ಸೂಚಿಸಬಾರದಿತ್ತು.

ಮೇಜಿನ ಮೇಲಿನ ಕಲೆಗಳಲ್ಲಿಯೂ ಎರಡು ಜಾತಿಯಿವೆ. ಬಿಸಿ ಕಾಫಿಯ ಲೋಟ ಇಟ್ಟು ಎದ್ದ ಬಿಳಿಯ ಉಂಗುರ ಲೇಪದೊಳಗೆ ಸಿಕ್ಕಿಕೊಂಡ ತೇವದಿಂದ ಆದದ್ದು. ಸ್ಪಿರಿಟ್ ತಾಗಿದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ನೆನೆದ ಬಟ್ಟೆಯನ್ನು ಹಗುರವಾಗಿ ಆಡಿಸಿದರೆ ಅರಗು ಕ್ಷಣಕಾಲ ಮೆತ್ತಗಾಗಿ ತೇವವನ್ನು ಬಿಟ್ಟುಕೊಡುತ್ತದೆ, ಕಲೆ ಮಾಯವಾಗುತ್ತದೆ. ಕಪ್ಪು ಉಂಗುರ ಹಾಗಲ್ಲ. ಅದು ನೀರಿನೊಡನೆ ಇಳಿದ ಕಬ್ಬಿಣದ ಅಂಶವೂ ಮರದ ಒಗರೂ ಸೇರಿ ಮರದೊಳಗೇ ಆದ ಕಲೆ. ಅದಕ್ಕೆ ಆಕ್ಸಾಲಿಕ್ ಆಮ್ಲದ ದ್ರಾವಣ ಬೇಕು, ಅದೂ ಅಲ್ಲಿನ ಲೇಪ ತೆಗೆದ ಮೇಲೆ. ಅದು ವಿಷವಾದ್ದರಿಂದ ಕೈಗವಸು, ಮುಖಗವಸು ಹಾಕಿಕೊಂಡೇ ಮಾಡಬೇಕು, ಆಮೇಲೆ ಸ್ವಚ್ಛ ನೀರಿನ ಬಟ್ಟೆಯಿಂದ ಮೂರು ನಾಲ್ಕು ಸಲ ಒರೆಸಬೇಕು. ಕಲೆ ಅಂಗೈಯಷ್ಟಿದ್ದರೆ ಅಷ್ಟಕ್ಕೇ ಚಿಕಿತ್ಸೆ ಸಾಕು, ಇಡೀ ಮೇಜನ್ನು ಬೋಳಿಸುವ ಅಗತ್ಯವಿಲ್ಲ.

ಉಜ್ಜುವ ಮುನ್ನ ಗುರುತಿಸಿ ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ನಮ್ಮಲ್ಲಿರುವ ಬಣ್ಣದ ಸಾಮಾನುಗಳು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಸರುವಾಸಿ. ಚೊಚ್ಚಲ ಬಾಣಂತಿಗೆ ತವರಿನಿಂದ ಬಂದ ತೊಟ್ಟಿಲು ಮುಂದೆ ಮೊಮ್ಮಕ್ಕಳನ್ನೂ ತೂಗಿದ ಉದಾಹರಣೆಗಳು ಎಷ್ಟೋ ಇವೆ. ಅದರ ಪಟ್ಟಿಗಳ ಮೇಲೆ ಚಿತ್ರಗಾರರು ಬರೆದ ರಾಮ, ಕೃಷ್ಣರ ಕಥೆಗಳೂ ಹೂಬಳ್ಳಿಗಳೂ ಇರುತ್ತವೆ, ಬಣ್ಣಕ್ಕೆ ಅರಗು ಕೂಡಿರುತ್ತದೆ. ಇಂಥ ತೊಟ್ಟಿಲಿಗೆ ಸ್ಪಿರಿಟ್ ಬಟ್ಟೆ ತಗುಲಿದರೆ ಕೃಷ್ಣನ ಮುಖವೇ ಬಟ್ಟೆಗೆ ಬರುತ್ತದೆ. ಅತ್ತ ಕೊಪ್ಪಳ ಜಿಲ್ಲೆಯ ಕಿನ್ನಾಳದ ಕೆಲಸದ ಸಂಗತಿ ಬೇರೆ. ಅಲ್ಲಿ ಹಗುರವಾದ ಮರದ ಮೇಲೆ ಹುಣಸೆಬೀಜದ ಸರಿಯಂಥ ಅಂಟಿನಲ್ಲಿ ಕಲಸಿದ ಪದರ ಕಟ್ಟಿ, ಅದರ ಮೇಲೆ ಬಣ್ಣ ಬರೆಯುತ್ತಾರೆ. ಅದಕ್ಕೆ ನೀರೇ ಶತ್ರು. ಅಂದರೆ ಒಂದು ಸಾಮಾನಿಗೆ ನಿರಪಾಯವಾದ ಒದ್ದೆಬಟ್ಟೆ ಇನ್ನೊಂದಕ್ಕೆ ಮೃತ್ಯುವಾಗುತ್ತದೆ. ಮೈಸೂರಿನ ಬೀಟೆಯ ಕೆತ್ತುಕೂರಿಕೆಯ ಕೆಲಸದಲ್ಲಿ, ಅಂದರೆ ಮರವನ್ನು ಕೆತ್ತಿ ಬೇರೆ ತುಂಡುಗಳನ್ನು ಕೂರಿಸಿ ಚಿತ್ರ ಮಾಡುವಲ್ಲಿ, ಮೇಲೆ ಕೂರಿಸಿದ ತುಂಡುಗಳು ತೆಳುವಾಗಿದ್ದು, ಅವುಗಳ ಮೇಲಿನ ಸಣ್ಣ ಗೆರೆಗಳೇ ಕಣ್ಣು, ರೆಕ್ಕೆ, ಸೀರೆಯ ನೆರಿಗೆಗಳಾಗಿರುತ್ತವೆ. ಯಂತ್ರ ಒಂದು ಸಲ ಹಾಯ್ದರೆ ಆನೆ ಉಳಿಯಬಹುದು, ಅದರ ಕಣ್ಣು ಉಳಿಯುವುದಿಲ್ಲ. ಇಂಥ ಯಾವ ಸಾಮಾನನ್ನೂ ಮನೆಯಲ್ಲಿ ಮುಟ್ಟಬಾರದು. ಒಣಗಿದ ಮೆತ್ತನೆಯ ಕುಂಚದಿಂದ ಧೂಳು ಝಾಡಿಸಿ, ಬಿಸಿಲು ಬೀಳದ ಕಡೆ ಇಟ್ಟು, ಆ ಕಸುಬಿನವರಿಗೆ ತೋರಿಸುವುದೇ ಸರಿ.

ತೊಟ್ಟಿಲಿನ ಮಾತು ಬಂದದ್ದರಿಂದ ಸೀಸದ ವಿಷಯವನ್ನೂ ಹೇಳಿಬಿಡುತ್ತೇನೆ. ಹಳೆಯ ತೊಟ್ಟಿಲು, ಕಿಟಕಿ, ಮಂಚಗಳಿಗೆ ನಡುವೆ ಯಾವಾಗಲೋ ಅಂಗಡಿಯ ಎನಾಮೆಲ್ ಬಣ್ಣ ಬಳಿದಿರುವುದು ಸಾಮಾನ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ, ಸೀಸ ಇದೆಯೆಂದೇ ತಿಳಿದು ನಡೆಯುವುದು ಕ್ಷೇಮ. ಒಣದಾಗಿ ಉಜ್ಜಿದರೆ ಅದು ಕಣ್ಣಿಗೆ ಕಾಣದ ಧೂಳಾಗಿ ನೆಲ, ಹಾಸಿಗೆ, ಅಡುಗೆಮನೆಯವರೆಗೂ ಹರಡುತ್ತದೆ. ಬ್ಲೋ ಲ್ಯಾಂಪಿನಿಂದ ಸುಟ್ಟರೆ ಹೊಗೆಯಾಗಿ ಮೂಗಿಗೇ ಬರುತ್ತದೆ. ಅಂಬೆಗಾಲಿಡುವ ಮಗು ಆ ನೆಲದಲ್ಲಿ ಕೈಯೂರಿ, ಆ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ವಸ್ತು. ಇಷ್ಟು ಇದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣ ಅದಕ್ಕಿಲ್ಲ. ಅಂಥ ಬಣ್ಣವನ್ನು ತೆಗೆಯಲೇಬೇಕಾದರೆ ಮನೆಯ ಹೊರಗೆ, ಮಕ್ಕಳು ಮತ್ತು ಬಸುರಿಯರು ಇಲ್ಲದ ಕಡೆ, ಪ್ಲಾಸ್ಟಿಕ್ ಹಾಳೆ ಹಾಸಿ, ಎನ್95 ಮುಖಗವಸು ಹಾಕಿಕೊಂಡು, ಮೇಲ್ಮೈಗೆ ನೀರು ಚಿಮುಕಿಸುತ್ತ ವಾಟರ್ ಪೇಪರ್‌ನಿಂದ ಉಜ್ಜಬೇಕು. ಉದುರಿದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಲ್ಲಿ ಬಳಿದು ತೆಗೆಯಬೇಕು. ಬಣ್ಣವಿಲ್ಲದ ಬರಿಮರದ ಧೂಳೂ ಸಾಧುವಲ್ಲ. ಬೀಟೆಯ ಧೂಳು ಹಲವರಿಗೆ ಚರ್ಮದ ತುರಿಕೆ ತರುತ್ತದೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿಯೇ ಇಟ್ಟಿದೆ.

ಹಾಗೆಂದು ಲೇಪವನ್ನು ಎಂದೂ ತೆಗೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಬೀಟೆಯ ಮೇಲೆ ಯಾರೋ ಹಸಿರು ಎನಾಮೆಲ್ ಬಳಿದಿದ್ದರೆ, ಅಥವಾ ಲೇಪ ಬಿರಿದು ಚಕ್ಕೆಚಕ್ಕೆಯಾಗಿ ಏಳುತ್ತಿದ್ದರೆ ತೆಗೆಯದೆ ಗತ್ಯಂತರವಿಲ್ಲ. ಅರಗಾದರೆ ಸ್ಪಿರಿಟ್ ನೆನೆಸಿದ ಬಟ್ಟೆಯನ್ನು ಹೊದಿಸಿ ಕೆಲವು ನಿಮಿಷ ಬಿಟ್ಟು, ಮೆತ್ತಗಾದದ್ದನ್ನು ಮೊಂಡು ಅಂಚಿನ ಪಟ್ಟಿಯಿಂದ ಎಳೆಯ ಗುಂಟ ತಳ್ಳಿದರೆ ಸಾಕು, ಮರ ಸವೆಯುವುದಿಲ್ಲ. ಎನಾಮೆಲ್‌ಗೆ ಪೇಂಟ್ ರಿಮೂವರ್ ಬೇಕಾಗುತ್ತದೆ. ಅದನ್ನು ಕೊಳ್ಳುವಾಗ ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಎಂದಿದೆಯೇ ಎಂದು ಓದಬೇಕು. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಜೀವ ತೆಗೆದ ಪ್ರಕರಣಗಳಿಂದಾಗಿ ಅಮೆರಿಕ 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಅಂಥ ರಿಮೂವರ್ ಮಾರುವುದನ್ನೇ ನಿಷೇಧಿಸಿತು. ಸ್ಯಾಂಡ್ ಪೇಪರ್ ಕೊನೆಯ ನಯಕ್ಕೆ ಮಾತ್ರ, ಕೈಯಲ್ಲಿ, ಎಳೆಯ ದಿಕ್ಕಿನಲ್ಲಿ. 180 ಸಂಖ್ಯೆಯ ಕಾಗದದಿಂದ ಆರಂಭಿಸಿ, ಅದಕ್ಕಿಂತ ನಯವಾದ 240 ಸಂಖ್ಯೆಯದಕ್ಕೆ ನಿಲ್ಲಿಸಬಹುದು.

ಕೀಲು ಸಡಿಲವಾದ ಕುರ್ಚಿಗೆ ಮೊಳೆ ಹೊಡೆಯುವುದು ನಮ್ಮವರ ಹಳೆಯ ಚಾಳಿ. ಹಿಂದಿನ ಬಡಗಿಗಳು ಕೂಡಿಸಿದ ಕಡೆಗಳಲ್ಲಿ ಕಾಯಿಸಿ ಹಚ್ಚುತ್ತಿದ್ದ ಮರವಜ್ರದ ಅಂಟೂ ಬಿದಿರಿನ ಮೊಳೆಯೂ ಇರುತ್ತವೆ. ಆ ಅಂಟು ಬಿಸಿನೀರಿನ ತೇವಕ್ಕೆ ಬಿಟ್ಟುಕೊಳ್ಳುವುದರಿಂದ ಕೀಲನ್ನು ಮುರಿಯದೆ ಬಿಚ್ಚಿ ಮತ್ತೆ ಕೂಡಿಸಬಹುದು. ಕಬ್ಬಿಣದ ಮೊಳೆ ಹೊಡೆದರೆ ಮರ ಸೀಳುತ್ತದೆ, ತುಕ್ಕು ಹಿಡಿದು ಸುತ್ತ ಕಪ್ಪಾಗುತ್ತದೆ, ಮುಂದೆ ರಿಪೇರಿಗೆ ಕೂತವನು ಶಪಿಸುತ್ತಾನೆ. ಬೆತ್ತದ ಹೆಣಿಗೆ ಜೋತುಬಿದ್ದಿದ್ದರೆ, ಎಳೆ ಹರಿಯದಿರುವ ಪಕ್ಷದಲ್ಲಿ, ಅಡಿಯ ಕಡೆಯಿಂದ ಬಿಸಿನೀರಿನ ಬಟ್ಟೆಯಿಂದ ಚೆನ್ನಾಗಿ ತೋಯಿಸಿ ನೆರಳಿನಲ್ಲಿ ಒಣಗಿಸಿದರೆ ಒಂದೇ ರಾತ್ರಿಯಲ್ಲಿ ಬಿಗಿಯುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಕುಟ್ಟೆ ಹಿಡಿದಿದೆ ಎಂಬ ಒಂದೇ ಮಾತಿಗೆ ಹೆದರಿ ಒಳ್ಳೆಯ ಸಾಮಾನನ್ನು ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಬಿಡಿಗಾಸಿಗೆ ಕೊಟ್ಟವರು ಮಲೆನಾಡಿನಲ್ಲಿ ಲೆಕ್ಕವಿಲ್ಲ. ತೂತು ಕಂಡರೆ ಹುಳು ಇದೆ ಎಂದರ್ಥವಲ್ಲ, ತೂತು ಹುಳು ಹೊರಬಿದ್ದು ಹೋದ ದಾರಿ. ಸಾಮಾನಿನ ಅಡಿಗೆ ಕಪ್ಪು ಕಾಗದ ಹಾಸಿ ಕೆಲವು ವಾರ ನೋಡಬೇಕು. ಹೊಸದಾಗಿ ಬಿಳಿಯ ಹಿಟ್ಟು ಉದುರಿದರೆ ಮಾತ್ರ ಒಳಗೆ ಜೀವವಿದೆ. ಈ ಹುಳು ಪಿಷ್ಟವಿರುವ ಹೊರಭಾಗದ ಬಿಳಿಯ ಮರವನ್ನು ತಿನ್ನುತ್ತದೆ, ತೇಗ ಬೀಟೆಗಳ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಮರಕ್ಕೆ, ಬಾಯಿ ಹಾಕುವುದು ಅಪರೂಪ. ಹಾಗಾಗಿ ಕುರ್ಚಿಯ ಒಂದು ಅಡ್ಡಪಟ್ಟಿ ಪುಡಿಯಾಗಿದ್ದರೂ ಉಳಿದದ್ದು ಗಟ್ಟಿಯಾಗಿಯೇ ಇರುತ್ತದೆ. ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಕರಗಿಸಿದ ನೀರನ್ನು ಲೇಪವಿಲ್ಲದ ಅಡಿಭಾಗಕ್ಕೆ ಬಳಿದು, ತೂತುಗಳಿಗೆ ಸಿರಿಂಜಿನಿಂದ ಇಳಿಸಿ, ಪೂರ್ತಿ ಒಣಗಿದ ಮೇಲೆ ಮೇಣದಿಂದ ತುಂಬಬಹುದು.

ಇನ್ನು ಪಾಲಿಶ್. ಒಂದು ಲೀಟರ್ ಸ್ಪಿರಿಟ್‌ಗೆ 200ರಿಂದ 250 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟು, ಆಗಾಗ ಅಲುಗಿಸಿ, ತೆಳುಬಟ್ಟೆಯಲ್ಲಿ ಸೋಸಬೇಕು. ಒಮ್ಮೆಗೆ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಲೇಸು. ಕರಗಿಸಿ ಆರು ತಿಂಗಳು ದಾಟಿದ ಪಾಲಿಶ್ ಹಚ್ಚಿದ ಮೇಲೆ ಅಂಟಂಟಾಗಿಯೇ ಉಳಿದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಳೆಯ ಲೇಪದ ಮೇಲೆ ಹಚ್ಚುವುದಾದರೆ ಅರ್ಧಕ್ಕರ್ಧ ಸ್ಪಿರಿಟ್ ಸೇರಿಸಿ ತೆಳು ಮಾಡಬೇಕು. ಬರಿಮರವಾದರೆ ಸೀಮೆಸುಣ್ಣದ ಪುಡಿಗೆ ಮರದ ಬಣ್ಣಕ್ಕೆ ಹೊಂದುವಷ್ಟು ಕಾವಿ ಬೆರೆಸಿ, ಪಾಲಿಶ್‌ನಲ್ಲಿಯೇ ಕಲಸಿ, ಎಳೆಗಳ ಸಣ್ಣ ಕುಳಿಗಳಿಗೆ ತುಂಬಿ ಒರೆಸುವ ರೂಢಿ ನಮ್ಮ ಪಾಲಿಶ್ ಕೆಲಸದವರಲ್ಲಿದೆ. ಹತ್ತಿಯ ಉಂಡೆಯನ್ನು ಒಗೆದು ಹದವಾದ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಪಾಲಿಶನ್ನು ಒಳಗಿನ ಹತ್ತಿಗೆ ಕುಡಿಸಿ, ಬಟ್ಟೆಯ ಮುಖಕ್ಕೆ ಒಂದು ಹನಿ ಎಣ್ಣೆ ಸವರಿ, ದೋಸೆಯ ಹೆಂಚಿಗೆ ಎಣ್ಣೆ ಆಡಿಸುವ ಹಾಗೆ ಸುತ್ತುಸುತ್ತಾಗಿ, ಎಲ್ಲಿಯೂ ನಿಲ್ಲಿಸದೆ ಎಳೆಯಬೇಕು. ನಿಂತಲ್ಲಿ ಬಟ್ಟೆ ಕಚ್ಚಿ ಅಡಿಯ ಪದರವನ್ನೇ ಎತ್ತುತ್ತದೆ. ಒಂದು ದಿನ ಒಂದೆರಡು ಕೈ ಸಾಕು, ಮಾರನೆಯ ದಿನ ಮತ್ತೆರಡು. ಅವಸರ ಪಟ್ಟವರ ಪಾಲಿಶ್‌ನಲ್ಲಿ ಬಟ್ಟೆಯ ಗೀರುಗಳನ್ನು ಎಣಿಸಬಹುದು.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಹಿಡಿದುಕೊಳ್ಳುತ್ತದೆ, ಇಡೀ ಹಲಗೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಮಲೆನಾಡಿನ ನಮ್ಮ ಸಾಗರದಂಥ ಊರಿನಲ್ಲಿ ದೀಪಾವಳಿ ಕಳೆದು ಹವೆ ಒಣಗಿದ ಮೇಲಿನ ತಿಂಗಳುಗಳೇ ಪ್ರಶಸ್ತ. ಕೆಲಸ ನಡೆಯುವ ಕಡೆ ದೇವರ ದೀಪ, ಊದುಬತ್ತಿ, ಬೀಡಿ ಯಾವುದೂ ಇರಕೂಡದು. ಸ್ಪಿರಿಟ್‌ನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಅರಗು ಹೇಗೆ ಉರಿಯುತ್ತದೆಂಬುದು ಪಾಂಡವರ ಕಥೆ ಕೇಳಿದ ಎಲ್ಲರಿಗೂ ಗೊತ್ತು.

ಪಾಲಿಯುರೇಥೇನ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅರಗು ಬಿಸಿಗೆ ಮೆತ್ತಗಾಗುತ್ತದೆ, ನೀರು ನಿಂತರೆ ಬಿಳಿಚುತ್ತದೆ. ದಿನಕ್ಕೆ ಮೂರು ಹೊತ್ತು ಬಿಸಿ ಪಾತ್ರೆ ಇಡುವ ಊಟದ ಮೇಜಿಗೆ ಗಟ್ಟಿ ಲೇಪವೇ ಬೇಕು. ಆದರೆ ಬೀಟೆಯ ಮರದಲ್ಲಿರುವ ರಾಸಾಯನಿಕಗಳು ಎಣ್ಣೆ ಆಧಾರಿತ ಪಾಲಿಯುರೇಥೇನ್ ಗಟ್ಟಿಯಾಗದಂತೆ ತಡೆಯುತ್ತವೆ ಎಂಬುದನ್ನು ಬರಹ ಹೇಳಲಿಲ್ಲ. ವಾರ ಕಳೆದರೂ ಬೆರಳಿಗೆ ಅಂಟುವ ಕುರ್ಚಿಯ ಕೈಗಳಿಗೆ ಕಾರಣ ಇದೇ. ಮೊದಲು ಮೇಣ ತೆಗೆದ ಅರಗಿನ ಒಂದು ತೆಳು ಪದರ ಹಚ್ಚಿದರೆ ಈ ತೊಂದರೆ ತಪ್ಪುತ್ತದೆ. ಮೇಣವಿರುವ ಸಾಮಾನ್ಯ ಅರಗಿನ ಮೇಲೆ ಪಾಲಿಯುರೇಥೇನ್ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅಂಗಡಿಯಲ್ಲಿ ಕೇಳಿಯೇ ತರಬೇಕು. ಇನ್ನೊಂದು ಮಾತು. ಅರಗು ಮುಂದಿನ ತಲೆಮಾರಿನವರೂ ಸ್ಪಿರಿಟ್ ಬಟ್ಟೆಯಿಂದ ಸರಿಪಡಿಸಿಕೊಳ್ಳಬಹುದಾದ ಲೇಪ. ಪಾಲಿಯುರೇಥೇನ್ ಒಮ್ಮೆ ಹಾಳಾದರೆ ಮತ್ತೆ ಕೆರೆಯುವುದೊಂದೇ ದಾರಿ. ಬೀಟೆ ಈಗ ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಅಪಾಯದಂಚಿನ ಮರ. 2017ರಿಂದ ಆ ಇಡೀ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಒಂದು ಹಲಗೆ ಉಜ್ಜಿ ಉಜ್ಜಿ ತೆಳುವಾದರೆ ಅದೇ ದಪ್ಪದ ಇನ್ನೊಂದನ್ನು ಡಿಪೋದಿಂದ ತರುವ ಕಾಲ ಇದಲ್ಲ.

ವಿದೇಶದಲ್ಲಿರುವ ಮಕ್ಕಳು ಅಜ್ಜಿಯ ಪೆಟ್ಟಿಗೆಯನ್ನು ಹೊಸದಾಗಿಸಿ ಕೊಂಡೊಯ್ಯಬೇಕೆನ್ನುವ ಸಂದರ್ಭವೂ ಈಗೀಗ ಬರುತ್ತಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪೆಟ್ಟಿಗೆಯ ವಯಸ್ಸನ್ನು ಬಲ್ಲವರು ಅಳೆಯುವುದು ಅಡಿಭಾಗದ ಹತ್ತರಿಯ ಗುರುತು, ಕೈಯಲ್ಲಿ ಬಡಿದ ಮೊಳೆಯ ತಲೆ, ಒಳಗಿನ ಬಣ್ಣ ಇವುಗಳಿಂದ. ಅವನ್ನೆಲ್ಲ ಉಜ್ಜಿ ತೆಗೆದ ಮೇಲೆ ಅದು ನೂರು ದಾಟಿದೆಯೋ ಇಲ್ಲವೋ ಎಂದು ಹೇಳುವುದು ಅನುಭವಿಗಳಿಗೂ ಕಷ್ಟವಾಗುತ್ತದೆ. ಆದ್ದರಿಂದ ಪಾಲಿಶ್ ಎಷ್ಟೇ ಮಾಡಿ, ಅಡಿ ಮತ್ತು ಒಳಮೈಯನ್ನು ಧೂಳು ಒರೆಸಿ ಹಾಗೆಯೇ ಬಿಡಿ ಎನ್ನುವುದು ನನ್ನ ಸಲಹೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಹಬ್ಬಗಳ ಮುಂದಿನ ಮನೆ ಸ್ವಚ್ಛತೆಯಲ್ಲಿ ಪುರವಣಿಯ ಬರಹವನ್ನು ಕತ್ತರಿಸಿ ಇಟ್ಟುಕೊಂಡು ಕೆಲಸಕ್ಕೆ ಇಳಿಯುವ ಓದುಗರು ಅನೇಕರಿರುತ್ತಾರೆ. ಅದಕ್ಕೆ ಮುನ್ನ ಅದೇ ಪುಟದಲ್ಲಿ ಎರಡು ತಿದ್ದುಪಡಿಗಳನ್ನು ಪ್ರಕಟಿಸಬೇಕು. ಮೊದಲನೆಯದು, ಹಳೆಯ ಮರಕ್ಕೆ ಕಾಸ್ಟಿಕ್ ಸೋಡಾ ಬಳಸಬಾರದೆಂಬುದು. ಎರಡನೆಯದು, ಬರಹದಲ್ಲಿ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಒಟ್ಟುಮಾಡಿ ಡಬ್ಬಿಯಲ್ಲಿ ಹಾಕಿಡಿ ಎಂದಿರುವ ಸಾಲಿಗೆ ಸಂಬಂಧಿಸಿದ್ದು. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಶಾಖ ಹುಟ್ಟಿಸುತ್ತದೆ. ಮುದ್ದೆಯಾಗಿ ಬಿದ್ದ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ ಏರಿ, ಯಾರೂ ಬೆಂಕಿ ತಾಗಿಸದಿದ್ದರೂ ಕೆಲವು ಗಂಟೆಗಳಲ್ಲಿ ತಾನಾಗಿ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಗಳನ್ನು ಮನೆಯ ಹೊರಗೆ ಒಂದೊಂದಾಗಿ ಹರಡಿ ಗಡಸಾಗುವ ತನಕ ಒಣಗಿಸಬೇಕು, ಇಲ್ಲವೇ ಬಕೆಟ್ ನೀರಿನಲ್ಲಿ ಮುಳುಗಿಸಿಡಬೇಕು. ಮುಂದಿನ ಭಾನುವಾರದೊಳಗೆ ಇದು ಓದುಗರಿಗೆ ತಲುಪಿದರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಮರಗೆಲಸ ಬೋಧಕ
ಸಾಗರ, ಶಿವಮೊಗ್ಗ ಜಿಲ್ಲೆ